ಯಾವುದಕ್ಕೆ ಯಾವ ಅಂಟು?

ಅಂಟು ಎಂದ ಕೂಡಲೇ ನಮ್ಮ ಬೆಳಗಾವಿ ಸೀಮೆಯ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಬಾಣಂತಿಗೆ ಕಟ್ಟುವ ಅಂಟಿನ ಉಂಡಿ. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ಮೇಲಿಷ್ಟು ಗಸಗಸೆ. ಗೋಕಾಕದ ಕರದಂಟಿಗೆ ಆ ಹೆಸರು ಬಂದದ್ದೂ ಕರಿದ ಅಂಟಿನಿಂದಲೇ. ಆದರೆ ಸೋದರಿಯರೇ, ಈ ಸಲ ನಾನು ಬರೆಯುತ್ತಿರುವುದು ತಿನ್ನುವ ಅಂಟಿನ ಮಾತಲ್ಲ, ಹಚ್ಚುವ ಅಂಟಿನ ಮಾತು.

ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಡಬ್ಬಿ ಇದ್ದೇ ಇರುತ್ತದೆ. ಹರಳು ಉದುರಿದ ಓಲೆ, ಕಡ್ಡಿ ಕಿತ್ತ ಝುಮಕಿ, ಹೂವು ಬಿಟ್ಟುಹೋದ ಕ್ಲಿಪ್ಪು, ತವರಿನಿಂದ ತಂದ ಕುಂಕುಮದ ಭರಣಿಯ ಮುರಿದ ಮುಚ್ಚಳ, ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಮಗಳು ಹಟ ಹಿಡಿದು ಕೊಂಡ ಹರಳಿನ ಬಳೆ. ಎಸೆಯಲು ಮನಸ್ಸು ಬಾರದು, ಹಾಕಿಕೊಳ್ಳಲು ಬಾರದು. "ಒಂದಿನ ಅಂಟು ಹಚ್ಚಿದ್ರಾತು" ಅಂತ ಇಟ್ಟಿರುತ್ತೇವೆ. ಆ ಒಂದು ದಿನ ಬಂದಾಗ ಕೈಗೆ ಸಿಗುವುದು ಯಾವುದು? ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದ ಹಾಗೆ ತೂಗುಬಿಟ್ಟಿರುವ ಚಿಕ್ಕ ಟ್ಯೂಬು. ಓಲೆಗೂ ಅದೇ, ಚಪ್ಪಲಿಗೂ ಅದೇ, ಚಹಾದ ಕಪ್ಪಿಗೂ ಅದೇ. ನಾಲ್ಕು ದಿನಕ್ಕೆ ಮತ್ತೆ ಕಿತ್ತು ಬಂದಾಗ, "ಈಗಿನ ಅಂಟಿನೊಳಗ ದಮ್ಮಿಲ್ಲ ಬಿಡ್ರಿ" ಅಂತ ಅಂಟನ್ನೇ ಬಯ್ಯುತ್ತೇವೆ.

"ವೈನಿ, ಎಲ್ಲಾಕ್ಕಿಂತ ಗಟ್ಟಿ ಅಂಟು ಯಾವ್ದರೀ?" ಅಂತ ನನ್ನನ್ನು ಕೇಳುವವರಿಗೆ ನಾನು ಹೇಳುವುದು ಒಂದೇ ಮಾತು. ಎಲ್ಲಕ್ಕೂ ಗಟ್ಟಿಯಾದ ಅಂಟು ಯಾವುದೂ ಇಲ್ಲ. ಯಾವುದನ್ನು ಯಾವುದಕ್ಕೆ ಹಚ್ಚುತ್ತೀರಿ, ಹಚ್ಚಿದ ಮೇಲೆ ಅದು ಏನೇನು ತಾಳಬೇಕು, ಅದನ್ನು ಮೊದಲು ನೋಡಬೇಕು. ಒಂದೇ ಸೌಟಿನಲ್ಲಿ ಹಾಲನ್ನೂ ಸಾರನ್ನೂ ತಿರುವುತ್ತೇವೆಯೇ?

ಹಿರಿಯರ ಅಂಟು

ಟ್ಯೂಬುಗಳು ಬರುವ ಮೊದಲು ನಮ್ಮ ಕಡೆ ಅಂಟೇ ಇರಲಿಲ್ಲ ಅಂತೀರಾ? ಇತ್ತು, ಒಂದೊಂದು ಕೆಲಸಕ್ಕೆ ಒಂದೊಂದು ಇತ್ತು. ಜಾಲಿ ಮರದ ಅಂಟನ್ನು ನೀರಿನಲ್ಲಿ ನೆನೆಯಿಟ್ಟು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು. ಮೈದಾ ಹಿಟ್ಟು ಕುದಿಸಿ ಪತಂಗಕ್ಕೂ ಗೋಡೆಯ ಕಾಗದಕ್ಕೂ ಹಚ್ಚುತ್ತಿದ್ದರು. ರಾಮದುರ್ಗದ ನೇಕಾರರ ಓಣಿಗೆ ಹೋದರೆ ಹಾಸಿನ ಎಳೆಗಳಿಗೆ ಗಂಜಿ ಕೊಡುವ ಮಾತು ಇವತ್ತಿಗೂ ಕೇಳುತ್ತದೆ. ನೇಯುವಾಗ ಎಳೆ ಹರಿಯಬಾರದು, ಅದಕ್ಕೆ ಗಂಜಿ ಬೇಕು. ಸೀರೆ ಉಡುವವಳಿಗೆ ಅದು ಬೇಡ, ಒಂದೆರಡು ಒಗೆತಕ್ಕೆ ಬಿಟ್ಟುಹೋಗುತ್ತದೆ. ಎಷ್ಟು ಬೇಕೋ ಅಷ್ಟು ದಿನ ಹಿಡಿದು ಆಮೇಲೆ ಬಿಡುವುದೂ ಅಂಟಿನ ಒಂದು ಗುಣವೇ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ನೀವು ನೋಡಿರಬಹುದು. ಅಲ್ಲಿಯ ಚಿತ್ರಗಾರರು ಹಗುರ ಕಟ್ಟಿಗೆಯ ತುಂಡುಗಳನ್ನು ಜೋಡಿಸುವುದು ಹುಣಸೆ ಬೀಜದ ಅಂಟಿನಿಂದ. ಸಂದುಗಳನ್ನು ತುಂಬಲು ಸೆಣಬಿನ ಪುಡಿ, ಕಟ್ಟಿಗೆಯ ಹೊಟ್ಟು, ಅದೇ ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ. ನಾವು ಹುಣಸೆಹಣ್ಣು ಬಿಡಿಸಿ ಬೀಜವನ್ನು ಕಸಕ್ಕೆ ಹಾಕುತ್ತೇವೆ, ಅವರ ಕೈಯಲ್ಲಿ ಅದೇ ಬೀಜ ಗೌರಿಯನ್ನೂ ಗಣಪತಿಯನ್ನೂ ಕೂಡಿಸಿ ನಿಲ್ಲಿಸುತ್ತದೆ.

ಇನ್ನು ದಾಗೀನಕ್ಕೆ ಬಂದರೆ, ಪತ್ತಾರರ ಅಂಟು ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಟೊಂಗೆಯ ಮೇಲೆ ಕೂರುವ ಸಣ್ಣ ಹುಳ ಸುರಿಸುವ ರಾಳ ಇದು. ಕಾಯಿಸಿದರೆ ಕರಗುತ್ತದೆ, ಆರಿದರೆ ಕಲ್ಲಾಗುತ್ತದೆ. ಪಾಂಡವರಿಗೆ ಅರಗಿನ ಮನೆ ಕಟ್ಟಿಸಿದ ಕಥೆ ನಮಗೆಲ್ಲ ಗೊತ್ತು, ಆದರೆ ನಮ್ಮ ಕೊರಳಲ್ಲಿಯೇ ಅರಗು ಇರುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಬೋರಮಾಳ ಸರದ ಗುಂಡುಗಳು ಒಳಗೆ ಟೊಳ್ಳು. ತೆಳ್ಳಗಿನ ಬಂಗಾರ ತಗ್ಗು ಬೀಳಬಾರದೆಂದು ಒಳಗೆ ಅರಗು ತುಂಬಿರುತ್ತಾರೆ. ಒತ್ತೆ ಇಡಲು ಹೋದಾಗ "ಅರಗಿನ ತೂಕ ಕಳೀಬೇಕ್ರಿ" ಅನ್ನುವುದು ಇದಕ್ಕೇ. ಆದ್ದರಿಂದ ಅಂಥ ಸರವನ್ನು ಸುಡುನೀರಿನಲ್ಲಿ ಹಾಕಿ ತೊಳೆಯಬೇಡಿ, ಸ್ಪಿರಿಟ್ ಹಚ್ಚಿ ತಿಕ್ಕಬೇಡಿ. ಅರಗು ಬಿಸಿಗೂ ಸೋಲುತ್ತದೆ, ಸ್ಪಿರಿಟ್ಟಿಗೂ ಸೋಲುತ್ತದೆ.

ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ

ಟ್ಯೂಬಿನ ಮೂತಿ ಕತ್ತರಿಸುವ ಮೊದಲು ನಿಮ್ಮನ್ನು ನೀವೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಕೂಡಿಸುವ ಎರಡು ವಸ್ತು ಯಾವುವು? ಕಾಗದ, ಅರಿವಿ, ಕಟ್ಟಿಗೆ, ದಾರ ಇವು ನೀರು ಹೀರುತ್ತವೆ. ಗಾಜು, ಲೋಹ, ಹರಳು ಹೀರುವುದಿಲ್ಲ. ಹೀರುವುದಕ್ಕೆ ಒಂದು ಅಂಟು, ಹೀರದ್ದಕ್ಕೆ ಇನ್ನೊಂದು.

ಎರಡನೆಯದು, ಕೂಡಿಸಿದ ಮೇಲೆ ಅದು ಸುಮ್ಮನೆ ಕೂರುತ್ತದೋ, ಬಾಗುತ್ತ ಬಳುಕುತ್ತ ಇರುತ್ತದೋ? ಗೋಡೆಯ ಮೇಲಿನ ಚಿತ್ರ ಸುಮ್ಮನಿರುತ್ತದೆ. ಕೈಬಳೆ ದಿನಕ್ಕೆ ನೂರು ಸಲ ಬಡಿಸಿಕೊಳ್ಳುತ್ತದೆ.

ಮೂರನೆಯದು, ನೀರು, ಬೆವರು, ಬಿಸಿಲು ಇವುಗಳಲ್ಲಿ ಯಾವುದನ್ನು ಅದು ತಾಳಬೇಕು?

ನಾಲ್ಕನೆಯದೇ ದೊಡ್ಡದು. ಅದು ಮೈಗೆ ತಾಗುತ್ತದೋ? ಕೂಸಿನ ಬಾಯಿಗೆ ಹೋಗುತ್ತದೋ?

ಇಷ್ಟು ತಿಳಿದರೆ ಅಂಗಡಿಯಲ್ಲಿ ಅರ್ಧ ಕೆಲಸ ಆದಂತೆ. ಇನ್ನು ಒಂದೊಂದಾಗಿ ನೋಡೋಣ.

ಬಿಳಿ ಅಂಟು

ಫೆವಿಕಾಲ್ ಎಂದು ನಾವು ಕರೆಯುವ ಬಿಳಿ ಅಂಟು 1959ರಿಂದ ನಮ್ಮ ದೇಶದಲ್ಲಿದೆ. ಬಡಿಗೇರರು ಅಲ್ಲಿಯವರೆಗೆ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಸರೇಸನ್ನು ಕಾಯಿಸಿ ಹಚ್ಚುತ್ತಿದ್ದರು. ಬಿಳಿ ಅಂಟಿನಲ್ಲಿ ನೀರಿರುತ್ತದೆ. ಆ ನೀರನ್ನು ಕಟ್ಟಿಗೆಯೋ ಅರಿವಿಯೋ ಹೀರಿಕೊಂಡಾಗ, ಉಳಿದದ್ದು ಗಾಳಿಗೆ ಆರಿದಾಗ ಅದು ಗಟ್ಟಿಯಾಗುತ್ತದೆ. ಆದ್ದರಿಂದ ಎರಡರಲ್ಲಿ ಒಂದಾದರೂ ನೀರು ಹೀರುವಂಥದ್ದಿರಬೇಕು. ಗಾಜಿಗೆ ಲೋಹ ಹಚ್ಚಲು ಇದು ನಡೆಯುವುದಿಲ್ಲ. ರೇಷ್ಮೆದಾರ ಸುತ್ತಿದ ಬಳೆಯಲ್ಲಿ ದಾರದ ತುದಿ ಕೂರಿಸಲು, ರಟ್ಟಿನ ಕೆಲಸಕ್ಕೆ, ಕನ್ನಡಿ ಚೂರನ್ನು ಅರಿವಿಯ ಮೇಲೆ ಕೂರಿಸಲು ಬಹಳ ಚಲೋ. ರಾತ್ರಿ ಹಚ್ಚಿ ಒತ್ತಿಟ್ಟು ಮರುದಿನ ರಾತ್ರಿಯವರೆಗೆ ಬಿಡಿ. ನೀರಿನಲ್ಲಿ ನೆನೆಯಿಟ್ಟರೆ ಮಾತ್ರ ಮೆತ್ತಗಾಗುತ್ತದೆ.

ಕ್ಷಣದಲ್ಲಿ ಹಿಡಿಯುವ ಅಂಟು

ತೋರಣ ಕಟ್ಟಿದ ಚಿಕ್ಕ ಟ್ಯೂಬು ಇದೇ. ಇದರ ಹುಟ್ಟಿನ ಕಥೆ ಮೋಜಿನದು. 1942ರಲ್ಲಿ, ಯುದ್ಧದ ಕಾಲದಲ್ಲಿ, ಅಮೆರಿಕದ ಕೊಡ್ಯಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಎಂಬ ವಿಜ್ಞಾನಿ ಬಂದೂಕಿನ ಗುರಿಗಾಜಿಗೆ ಒಳ್ಳೆಯ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಆಗ ಬದಿಗೆ ಸರಿಸಿದರು. ಆ ಕಾಟವೇ ಗುಣವೆಂದು ತಿಳಿದು 1958ರಲ್ಲಿ ಮಾರಾಟಕ್ಕೆ ತಂದರು.

ಇದು ಆರಿ ಗಟ್ಟಿಯಾಗುವ ಅಂಟಲ್ಲ. ಗಾಳಿಯಲ್ಲಿ, ವಸ್ತುವಿನ ಮೇಲೆ ಇರುವ ಚೂರು ತೇವವೇ ಇದನ್ನು ಗಟ್ಟಿ ಮಾಡುತ್ತದೆ. ಅದಕ್ಕೇ ನಮ್ಮ ಬೆರಳಿಗೆ ಅಷ್ಟು ಬೇಗ ಹಿಡಿಯುವುದು. ತೆಳ್ಳಗೆ ಒಂದು ಹನಿ ಹಚ್ಚಿದರೆ ಗಟ್ಟಿ, ದಪ್ಪಗೆ ಸುರಿದರೆ ಗಟ್ಟಿಯಲ್ಲ. ಎರಡು ಅಂಚು ಸರಿಯಾಗಿ ಕೂಡುವಂತಿದ್ದರೆ ಮಾತ್ರ ಇದನ್ನು ನೆಚ್ಚಬಹುದು. ನಡುವೆ ಸಂದು ಇದ್ದರೆ ತುಂಬುವುದಿಲ್ಲ. ಒಣಗಿದ ಮೇಲೆ ಗಾಜಿನಂತೆ ಪೆಡಸು, ಬಡಿತ ತಾಳುವುದಿಲ್ಲ. ಇನ್ನೊಂದು ದೋಷವೆಂದರೆ ಇದರ ಆವಿ ಅಕ್ಕಪಕ್ಕದ ಹರಳಿನ ಮೇಲೆ ಬಿಳಿ ಬೂದಿಯಂತೆ ಕೂರುತ್ತದೆ. ಮುರಿದ ಮಣ್ಣಿನ ಗೊಂಬೆ, ಚೂಪಾಗಿ ಒಡೆದ ಪ್ಲಾಸ್ಟಿಕ್ ಇಂಥವಕ್ಕೆ ಇಟ್ಟುಕೊಳ್ಳಿ. ಹರಳಿನ ದಾಗೀನಕ್ಕೆ ಬೇಡ.

ಎರಡು ಟ್ಯೂಬಿನ ಅಂಟು

ಅರಾಲ್ಡೈಟ್ ಮುಂತಾದ ಎಪಾಕ್ಸಿ ಅಂಟುಗಳು ಎರಡು ಟ್ಯೂಬಿನಲ್ಲಿ ಬರುತ್ತವೆ. ಒಂದು ರಾಳ, ಒಂದು ಅದನ್ನು ಗಟ್ಟಿ ಮಾಡುವಂಥದ್ದು. ಎರಡೂ ಬೇರೆ ಬೇರೆ ಇದ್ದಾಗ ಮೆತ್ತಗೆ, ಕೂಡಿದರೆ ಕಲ್ಲು. ಲೋಹಕ್ಕೆ ಹರಳು, ಲೋಹಕ್ಕೆ ಲೋಹ, ಗಾಜು, ಪಿಂಗಾಣಿ ಎಲ್ಲಕ್ಕೂ ನಡೆಯುತ್ತದೆ, ಸಂದನ್ನೂ ತುಂಬುತ್ತದೆ, ನೀರಿಗೂ ಬಗ್ಗುವುದಿಲ್ಲ. ಪೊಟ್ಟಣದ ಮೇಲೆ ಬರೆದ ಅಳತೆ ತಪ್ಪಬಾರದು. ಸಾಮಾನ್ಯವಾಗಿ ಸಮಸಮ ಇರುತ್ತದೆ. ಒಂದು ಹೆಚ್ಚು ಒಂದು ಕಡಿಮೆಯಾದರೆ ಪಾಕ ಕೆಟ್ಟ ಬರ್ಫಿಯ ಹಾಗೆ ಜಿಗುಟು ಜಿಗುಟಾಗಿಯೇ ಉಳಿಯುತ್ತದೆ. ಖಾಲಿ ಹಾಲಿನ ಪಾಕೀಟನ್ನು ತೊಳೆದು ಒರೆಸಿ, ಅದರ ಮೇಲೆ ಎರಡನ್ನೂ ಹಿಂಡಿ, ಕಡ್ಡಿಯಿಂದ ಒಂದು ನಿಮಿಷ ಚೆನ್ನಾಗಿ ಕಲಸಿ. ಆ ಪಾಕೀಟಿಗೆ ಅಂಟು ಹಿಡಿಯುವುದಿಲ್ಲ, ಆಮೇಲೆ ಸುಲಿದು ಬಿಸಾಡಬಹುದು. ಬೆರಳಿನಿಂದ ಕಲಸಬೇಡಿ. ಕೆಲವರಿಗೆ ಇದರಿಂದ ತುರಿಕೆಯೆದ್ದು ಕೈ ಕೆಂಪಾಗುತ್ತದೆ. ಐದು ನಿಮಿಷಕ್ಕೆ ಹಿಡಿಯುವ ಜಾತಿಯೂ ಉಂಟು. ಆದರೂ ಪೂರ್ತಿ ಶಕ್ತಿ ಬರಲು ಒಂದು ದಿನ ಬಿಡಬೇಕು. ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದರೆ ಹಳದಿಯಾಗುತ್ತದೆ, ಬಿಳಿ ಮುತ್ತಿನ ಸುತ್ತ ಹಚ್ಚುವಾಗ ಇದು ನೆನಪಿರಲಿ.

ಬಳುಕುವ ಅಂಟು, ಬಿಸಿ ಅಂಟು, ಚಪ್ಪಲಿಯ ಅಂಟು

ಈಗ ದಾಗೀನ ಮಾಡುವವರಿಗೆಂದೇ ಸೂಜಿಮೂತಿಯ ಟ್ಯೂಬಿನಲ್ಲಿ ಪಾರದರ್ಶಕ ಅಂಟು ಬರುತ್ತದೆ. ಬಿ-6000 ಎಂದು ಕೇಳಿದರೆ ಬಳೆಯ ಸಾಮಾನು ಮಾರುವವರು ಕೊಡುತ್ತಾರೆ. ಒಣಗಿದ ಮೇಲೂ ರಬ್ಬರಿನಂತೆ ಚೂರು ಬಳುಕುತ್ತದೆ, ಆದ್ದರಿಂದ ಬಡಿತ ತಾಳುತ್ತದೆ. ಹರಳು, ಕುಂದಣ, ಮಣಿಗಳಿಗೆ ನನ್ನ ಮಟ್ಟಿಗೆ ಇದೇ ಸರಿ. ಆದರೆ ಅವಸರದವರಿಗೆ ಇದು ಅಲ್ಲ, ಒಂದರಿಂದ ಎರಡು ದಿನ ಮುಟ್ಟದೆ ಬಿಡಬೇಕು. ವಾಸನೆ ಗಾಟು, ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಗ್ಲೂ ಗನ್ನಿನ ಬಿಸಿ ಅಂಟು ಕರಗಿದ ಪ್ಲಾಸ್ಟಿಕ್ಕು ಅಷ್ಟೇ. ಹೂವಿನ ದಂಡಿ, ತೋರಣ, ಆರತಿ ತಾಟಿನ ಅಲಂಕಾರ ಇವಕ್ಕೆ ಬಹಳ ಅನುಕೂಲ. ಆದರೆ ಬಿಸಿಯಿಂದ ಕರಗಿದ್ದು ಬಿಸಿಗೇ ಮೆತ್ತಗಾಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಮೋಟಾರಿನೊಳಗೆ ಅಂಥ ಸಾಮಾನು ಇಟ್ಟರೆ ಬಿಟ್ಟುಕೊಳ್ಳುತ್ತದೆ. ನುಣುಪಾದ ಲೋಹದ ಮೇಲಂತೂ ಸಿಪ್ಪೆಯಂತೆ ಸುಲಿದು ಬರುತ್ತದೆ.

ಚಪ್ಪಲಿ, ರೆಕ್ಸಿನ್ ಚೀಲಕ್ಕೆ ರಬ್ಬರ್ ಅಂಟು. ಇದನ್ನು ಎರಡೂ ಕಡೆ ತೆಳ್ಳಗೆ ಸವರಿ, ಹತ್ತು ನಿಮಿಷ ಗಾಳಿಗೆ ಬಿಟ್ಟು, ಬೆರಳಿಗೆ ಹತ್ತದಂತಾದ ಮೇಲೆ ಕೂಡಿಸಿ ಒತ್ತಬೇಕು. ಹಸಿ ಇದ್ದಾಗಲೇ ಕೂಡಿಸಿದರೆ ಜಾರುತ್ತದೆ.

ಯಾವ ಅಂಟಿಗೂ ಬಗ್ಗದ ಪ್ಲಾಸ್ಟಿಕ್ಕೂ ಉಂಟು. ಬಕೀಟು, ಡಬ್ಬಿಯ ಮುಚ್ಚಳ, ಮುಟ್ಟಿದರೆ ಮೇಣದಂತೆ ಜಾರುವಂಥವು. ಅಡಿಯಲ್ಲಿ ತ್ರಿಕೋನದೊಳಗೆ 2, 4 ಅಥವಾ 5 ಎಂದು ಅಂಕಿ ಇದ್ದರೆ ಮನೆಯ ಅಂಟು ಅದಕ್ಕೆ ಹಿಡಿಯದು. ರೊಕ್ಕ ಖರ್ಚು ಮಾಡಬೇಡಿ.

ಒಂದು ಕುಬಸದ ಬಳೆಗಳು

ಇದೆಲ್ಲ ಸಣ್ಣ ವಿಷಯ ಅನ್ನಿಸೀತು. ಬೈಲಹೊಂಗಲದ ನಮ್ಮ ಓಣಿಯ ಒಂದು ಹುಡುಗಿಗೆ ಅದು ಸಣ್ಣದಾಗಲಿಲ್ಲ. ಕಾಲೇಜಿಗೆ ಹೋಗುತ್ತಲೇ ರೇಷ್ಮೆದಾರದ ಬಳೆ, ಝುಮಕಿ ಮಾಡಿ ಮಾರುತ್ತಿದ್ದಳು. ಅವಳ ಫೀ, ತಮ್ಮನ ಪುಸ್ತಕ ಅದರಲ್ಲೇ ನಡೆಯುತ್ತಿತ್ತು. ಒಂದು ವರ್ಷ ಬೇಸಿಗೆಯಲ್ಲಿ ರಾಮದುರ್ಗದಿಂದ ಕುಬಸದ ದೊಡ್ಡ ಬೇಡಿಕೆ ಬಂತು. ಬಸುರಿಗೆ ಒಂದು ಪೂರ್ತಿ ಸೆಟ್ಟು, ಉಡಿ ತುಂಬಲು ಬಂದ ಮುತ್ತೈದೆಯರಿಗೆ ಇಪ್ಪತ್ತನಾಲ್ಕು ಜೊತೆ ಬಳೆ. ದಿನ ಕಡಿಮೆ ಇತ್ತು. ಹರಳಿಗೆ ಕ್ಷಣದ ಅಂಟು, ಝುಮಕಿಯ ಟೊಪ್ಪಿಗೆಗೆ ಬಿಸಿ ಅಂಟು ಹಾಕಿ ಮೂರು ರಾತ್ರಿಯಲ್ಲಿ ಮುಗಿಸಿ ಕೊಟ್ಟಳು.

ಕುಬಸದ ದಿನ ಡಬ್ಬಿ ತೆರೆದಾಗ ಹರಳೆಲ್ಲ ಬಿಳಿ ಬಿಳಿ. ಅಂಟು ಹೀರಿದ ಕಡೆ ರೇಷ್ಮೆ ಕಪ್ಪಾಗಿ ಬಿರುಸಾಗಿತ್ತು. ಮಂದಿ ಊಟಕ್ಕೆ ಕೂತಾಗ ಒಬ್ಬ ಅಜ್ಜಿಯ ಹುಗ್ಗಿಯ ತಾಟಿನಲ್ಲಿ ಹರಳು ಸಿಕ್ಕಿತು. ಆಕೆ ಬಾಯಿಗೆ ಹಾಕುವ ಮೊದಲೇ ಪಕ್ಕದವರು ಕಂಡದ್ದು ದೇವರ ದಯೆ. ಆ ಮನೆಯವರು ಅರ್ಧ ರೊಕ್ಕ ಕೊಟ್ಟು ಕೈತೊಳೆದುಕೊಂಡರು. ಮನೆಗೆ ಬಂದ ಮಗಳಿಗೆ ಅವಳ ಅವ್ವ, "ಸಾಕ್ ಬಿಡವ್ವಾ ಈ ಉದ್ಯೋಗ, ಮಾನ ಹೋತು" ಎಂದರು.

ಹುಡುಗಿ ಎರಡು ದಿನ ಊಟ ಬಿಟ್ಟು ಕೂತಳು. ಮೂರನೆಯ ದಿನ ನಮ್ಮ ಮನೆಗೆ ಬಂದು, "ಕಾಕು, ನಂದೇನ್ ತಪ್ಪಾತು ಅಂತ ತಿಳಕೋಬೇಕ್ರಿ" ಅಂದಳು. ಆ ಮಾತು ನನಗೆ ಹಿಡಿಸಿತು. ಇಬ್ಬರೂ ಕೂತು ಎಂಟು ಬಳೆ ಮಾಡಿದೆವು, ಒಂದೊಂದು ಅಂಟಿಗೆ ಎರಡೆರಡು. ಒಂದನ್ನು ಅವಳು ತೊಟ್ಟು ಕಾಲೇಜಿಗೆ ಹೋದಳು, ಜೊತೆಯದನ್ನು ನಾನು ತೊಟ್ಟು ಬಾಂಡೆ ತೊಳೆದೆ. ಅರ್ಧ ದಿನ ಮಾಳಿಗೆಯ ಬಿಸಿಲಿಗೂ ಇಟ್ಟೆವು. ವಾರದೊಳಗೆ ಕ್ಷಣದ ಅಂಟಿನ ಹರಳು ಬಡಿತಕ್ಕೆ ಹಾರಿದವು. ಬಿಸಿ ಅಂಟು ಬಿಸಿಲಿಗೆ ಸುಲಿಯಿತು. ಬಿಳಿ ಅಂಟು ಅವಳ ಕೈಯಲ್ಲಿ ನಿಂತಿತು, ನೀರಾಡಿದ ನನ್ನ ಕೈಯಲ್ಲಿ ಸೋತಿತು. ಬಳುಕುವ ಪಾರದರ್ಶಕ ಅಂಟಿನ ಬಳೆಗಳು ಎರಡೂ ಕಡೆ ಹಾಗೇ ಇದ್ದವು.

ಅಂದಿನಿಂದ ಅವಳ ಪದ್ಧತಿಯೇ ಬೇರೆ. ದಾರಕ್ಕೆ ಬಿಳಿ ಅಂಟು, ಹರಳಿಗೆ ಬಳುಕುವ ಅಂಟು, ಕಿವಿಯ ಕಡ್ಡಿಗೆ ಎಪಾಕ್ಸಿ. ಒಪ್ಪಿಕೊಳ್ಳುವಾಗಲೇ "ಎಂಟು ದಿನ ಬೇಕ್ರಿ" ಅನ್ನುತ್ತಾಳೆ. ಆಗುವುದಿಲ್ಲ ಅಂದವರಿಗೆ ನಮಸ್ಕಾರ ಹೇಳುತ್ತಾಳೆ. ಮುಂದಿನ ವರ್ಷ ಅದೇ ರಾಮದುರ್ಗದಿಂದ, ಬೇರೆ ಮನೆಯಿಂದ, ಮತ್ತೆ ಬೇಡಿಕೆ ಬಂತು. ಅವಳ ಅವ್ವ ಈಗ ದಾರ ಸುತ್ತಿಕೊಡುತ್ತಾರೆ.

ಹಚ್ಚುವ ಕ್ರಮ

ಅಂಟು ಎಷ್ಟೇ ಚಲೋ ಇರಲಿ, ಎಣ್ಣೆಯ ಮೇಲೆ ಹಿಡಿಯದು. ನಮ್ಮ ಓಲೆ, ಬಳೆಗಳಲ್ಲಿ ಕೊಬ್ಬರಿ ಎಣ್ಣೆ, ಅರಿಷಿಣ, ಪೌಡರು, ಬೆವರು ಎಲ್ಲ ಕೂತಿರುತ್ತದೆ. ಮೊದಲು ಹಳೆಯ ಅಂಟನ್ನು ಸೂಜಿಯಿಂದ ಕೆರೆದು ತೆಗೆಯಿರಿ. ಲೋಹದ ತಳವನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವಿಯಿಂದ ಒರೆಸಿ, ಒಳಗೆ ಅರಗು ಇರುವ ದಾಗೀನವಲ್ಲ ಎಂದು ಖಾತ್ರಿ ಮಾಡಿಕೊಂಡು. ನುಣುಪಾದ ಕಡೆ ಪಾಲಿಶ್ ಕಾಗದದಿಂದ ಎರಡು ಸಲ ಉಜ್ಜಿ ಗರಗಸ ಮಾಡಿ. ಬಣ್ಣದ ಹರಳಿನ ಬೆನ್ನಿಗೆ ಕನ್ನಡಿಯ ಹಾಗೆ ಬೆಳ್ಳಿಯ ಲೇಪ ಇರುತ್ತದೆ. ಅದನ್ನು ಉಜ್ಜಬಾರದು, ನೀರಿನಲ್ಲಿ ನೆನೆಯಿಡಬಾರದು. ಲೇಪ ಹೋದರೆ ಹರಳು ಸತ್ತಂತೆ. ಅಂಟನ್ನು ಗುಳಿಯೊಳಗೆ ಸಾಸಿವೆಯಷ್ಟು ಇಡಿ, ಹರಳು ಕೂರಿಸಿದಾಗ ಹೊರಗೆ ಉಕ್ಕಬಾರದು. ಆಮೇಲೆ ಅಕ್ಕಿ ತುಂಬಿದ ವಾಟಗದಲ್ಲಿ ಓಲೆಯನ್ನು ನೆಟ್ಟಗೆ ಊರಿ ಬಿಡಿ. ಅಲ್ಲಾಡದೆ ಕೂರುತ್ತದೆ. ಆ ಅಕ್ಕಿಯನ್ನು ಮಾತ್ರ ಮತ್ತೆ ಅನ್ನಕ್ಕೆ ಬಳಸಬೇಡಿ, ಅದಕ್ಕೆಂದೇ ಒಂದು ಹಿಡಿ ಬೇರೆ ಇಟ್ಟುಕೊಳ್ಳಿ.

ದಾರದಿಂದ ಆಗುವುದಕ್ಕೆ ಅಂಟು ಬೇಡ. ಯಲ್ಲಮ್ಮನ ಭಕ್ತರ ಕವಡಿ ಸರ ನೋಡಿ. ಕವಡಿಗೆ ತೂತು ಮಾಡಿ ದಾರಕ್ಕೆ ಪೋಣಿಸಿದ್ದು, ಮಳೆಯಾದರೂ ಬಿಸಿಲಾದರೂ ವರ್ಷಗಟ್ಟಲೆ ಕೊರಳಲ್ಲಿರುತ್ತದೆ. ಪೋಣಿಸಿದ್ದಕ್ಕೆ ಅಂಟು ಬೇಕಾಗುವುದು ಕೊನೆಯ ಗಂಟಿನ ಮೇಲೆ ಒಂದು ಹನಿ ಮಾತ್ರ.

ಅಂಟು ಹಚ್ಚಲೇಬಾರದವು

ಬಂಗಾರ, ಬೆಳ್ಳಿಗೆ ಅಂಟು ಹಚ್ಚಬೇಡಿ. ತಾಳಿಯ ಕೊಂಡಿ, ಕಾಲುಂಗುರ, ಚೈನಿನ ಉಂಗುರ ಇವು ಬೆಸುಗೆಯ ಕೆಲಸ. ತಾತ್ಪೂರ್ತಿಕ ಎಂದು ಹಚ್ಚಿದರೂ ಆಮೇಲೆ ಬೆಸೆಯುವಾಗ ಅಂಟು ಸುಟ್ಟು ಕೆಟ್ಟ ಹೊಗೆ ಬರುತ್ತದೆ, ಬೆಸುಗೆಯೂ ಕೂರದು.

ನಮ್ಮ ಅತ್ತೆಯವರದೊಂದು ಕೆಂಪು ಹರಳಿನ ಬೆಂಡೋಲೆ ಜೋಡಿ. ಅವರು ತೀರಿಕೊಂಡ ಮೇಲೆ ನನ್ನ ನಾದಿನಿಯ ಪಾಲಿಗೆ ಬಂತು. ನಾದಿನಿಯ ಮಗಳ ಮದುವೆಯ ಮುನ್ನಾದಿನ ನಡುವಿನ ಹರಳು ಕಳಚಿ ಕೈಗೆ ಬಂತು. ಮನೆ ತುಂಬ ಬೀಗರು, ಎಲ್ಲರ ಬಾಯಲ್ಲೂ ಒಂದೇ ಮಾತು, "ಒಂದ್ ಹನಿ ಅಂಟು ಹಚ್ಚಿ ಕೂರಸ್ರಿ." ನಾದಿನಿ ಕೇಳಲಿಲ್ಲ. ಹರಳನ್ನು ಅರಿವೆಯಲ್ಲಿ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಪತ್ತಾರರ ಅಂಗಡಿಗೆ ನಡೆದರು. ವಯಸ್ಸಾದ ಪತ್ತಾರರು ಓಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಗುಳಿಯ ತಳದ ಕಂದು ಬಣ್ಣದ ಅರಗನ್ನು ತೋರಿಸಿದರು. "ತಂಗೀ, ಇದು ನಮ್ಮ ಹಿರ್ಯಾರ ಕಾಲದ್ದು. ಅರಗು ಸೊರಗೇತಿ, ಹೊಸಾದು ಇಡ್ತೀನಿ. ಟ್ಯೂಬಿನ ಅಂಟು ಹಾಕ್ಕೊಂಡ್ ಬಂದಿದ್ರ ಕೆರಿಯೂದ್ರಾಗ ಹರಳು ಒಡೀತಿತ್ತು" ಎಂದರು. ಅರ್ಧ ಗಂಟೆಯಲ್ಲಿ ಹಳೆಯ ಅರಗು ತೆಗೆದು, ಹೊಸದು ಕಾಯಿಸಿ ಇಟ್ಟು, ಹರಳು ಕೂರಿಸಿ, ಅಂಚಿನ ಬಂಗಾರವನ್ನು ಸುತ್ತಲೂ ಒತ್ತಿಕೊಟ್ಟರು. ಹೆಣ್ಣಿನ ಕಿವಿಯಲ್ಲಿ ಮರುದಿನ ಅಜ್ಜಿಯ ಓಲೆ ಮಿನುಗಿತು.

ಅರಗಿನ ದೊಡ್ಡತನ ನನಗೆ ಅಂದು ತಿಳಿಯಿತು. ಅದು ಗಟ್ಟಿ ಹಿಡಿಯುತ್ತದೆ, ಬೇಕಾದಾಗ ಹಾನಿ ಮಾಡದೆ ಬಿಟ್ಟುಕೊಡುತ್ತದೆ. ಮೂರು ತಲೆಮಾರಿನ ಸಾಮಾನಿಗೆ ಅಂಥ ಅಂಟೇ ಬೇಕು. ಹೊಸ ಅಂಟುಗಳು ಬಿಡುವುದಿಲ್ಲ, ಬಿಡಿಸಹೋದರೆ ವಸ್ತುವನ್ನೇ ಒಡೆಯುತ್ತವೆ. ಬೆಲೆ ಕಟ್ಟಲಾಗದ ಹಳೆಯದಕ್ಕೆ ನಾವು ಕೈಹಾಕದೆ ಪತ್ತಾರರ ಕೈಗೆ ಕೊಡುವುದೇ ಜಾಣತನ.

ಮುತ್ತಿನ ವಿಷಯದಲ್ಲೂ ಎಚ್ಚರಿಕೆ. ಉಗುರಿನ ಬಣ್ಣ ತೆಗೆಯುವ ಅಸಿಟೋನು ಕ್ಷಣದ ಅಂಟನ್ನು ಕರಗಿಸುತ್ತದೆ ನಿಜ, ಆದರೆ ಮುತ್ತಿನ ಹೊಳಪನ್ನೂ ಪ್ಲಾಸ್ಟಿಕ್ ಮಣಿಯ ಮೈಯನ್ನೂ ತಿನ್ನುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಡುಗೆಮನೆಯಲ್ಲೂ ಹಾಗೆಯೇ. ಕುಕ್ಕರಿನ ಹಿಡಿಕೆ, ಒಲೆಯ ಮೇಲಿಡುವ ಬೋಗುಣಿ, ಚಹಾ ಕುಡಿಯುವ ಕಪ್ಪಿನ ಒಳಮೈ, ಇವಕ್ಕೆ ಅಂಟು ಬೇಡ. ಕಪ್ಪಿನ ಕಿವಿ ಮುರಿದು ಎಪಾಕ್ಸಿ ಹಚ್ಚಿದರೆ ಅದರಲ್ಲಿ ತುಳಸಿ ಸಸಿ ನೆಡಿ, ಕುದಿಯುವ ಚಹಾ ಹಾಕಿ ಬೀಗರ ಕೈಗೆ ಕೊಡಬೇಡಿ.

ಮಕ್ಕಳಿರುವ ಮನೆ

ನಮ್ಮ ಕಡೆ ಅಕ್ಟೋಬರ್ ತಿಂಗಳು ಬಂತೆಂದರೆ ತಾಯಂದಿರಿಗೆ ಅಂಟಿನ ಕೆಲಸ ಹೆಚ್ಚು. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಸೈನ್ಯ ಥ್ಯಾಕರೆಯ ಪಡೆಯನ್ನು ಸೋಲಿಸಿದ ನೆನಪಿಗೆ ಕಿತ್ತೂರಿನಲ್ಲಿ ಉತ್ಸವ. ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆಲ್ಲ ಚನ್ನಮ್ಮನಾಗುವ ಆಸೆ. 1829ರಲ್ಲಿ ರಾಣಿ ಕಣ್ಣುಮುಚ್ಚಿದ ನಮ್ಮ ಬೈಲಹೊಂಗಲದಲ್ಲಿ, ಅವಳ ಸಮಾಧಿ ಇರುವ ಊರಿನಲ್ಲಿ, ಯಾವ ತಾಯಿ ಬೇಡ ಎಂದಾಳು? ರಟ್ಟಿನ ಕತ್ತಿ, ಜರಿಕಾಗದದ ಡಾಬು, ಮಣಿಯ ವಂಕಿ ಎಲ್ಲ ಹಿಂದಿನ ರಾತ್ರಿಯೇ ಆಗಬೇಕು. ಅದಕ್ಕೆ ಬಿಳಿ ಅಂಟು ಸಾಕು, ಎರಡು ದಿನ ಮುಂಚೆ ಕೂರಬೇಕು ಅಷ್ಟೇ. ರಾತ್ರಿ ಹನ್ನೊಂದಕ್ಕೆ ನೆನಪಾದರೆ ಸೂಜಿ-ದಾರ ಹಿಡಿಯಿರಿ, ಕ್ಷಣದ ಅಂಟು ಹಿಡಿಯಬೇಡಿ. ಆ ಅಂಟು ಹತ್ತಿಯ ಅರಿವೆಯ ಮೇಲೆ ಹೆಚ್ಚು ಚೆಲ್ಲಿದರೆ ತಾನಾಗಿಯೇ ಕಾದು ಹೊಗೆಯಾಡುತ್ತದೆ, ಚರ್ಮ ಸುಡುತ್ತದೆ.

ಬೆರಳು ಅಂಟಿಕೊಂಡರೆ ಜಗ್ಗಬೇಡಿ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಯಿಟ್ಟು ಮೆಲ್ಲಗೆ ಹೊರಳಿಸುತ್ತ ಬಿಡಿಸಿ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಲವಂತದಿಂದ ತೆರೆಯದೆ ಹದಿನೈದು ನಿಮಿಷ ಶುದ್ಧ ನೀರು ಬಿಡುತ್ತ, ತಡಮಾಡದೆ ಕಣ್ಣಿನ ಡಾಕ್ಟರರ ಹತ್ತಿರ ಹೋಗಿ. ಈ ಟ್ಯೂಬು ಕಣ್ಣಿನ ಔಷಧದ ಬಾಟಲಿಯಷ್ಟೇ ಗಾತ್ರ. ವಯಸ್ಸಾದವರು ಕನ್ನಡಕವಿಲ್ಲದೆ ಒಂದರ ಬದಲು ಇನ್ನೊಂದು ಹಾಕಿಕೊಂಡ ಸಂಗತಿಗಳು ನಡೆದಿವೆ. ಅಂಟನ್ನು ಫ್ರಿಜ್ಜಿನಲ್ಲಿ ಔಷಧದ ಪಕ್ಕ ಇಡಬೇಡಿ. ಎತ್ತರದ ಕಪಾಟಿನಲ್ಲಿ, ಬೇರೆ ಡಬ್ಬಿಯ ಒಳಗೆ, ನೆಟ್ಟಗೆ ನಿಲ್ಲಿಸಿಡಿ.

ಇನ್ನು ಸಂಕ್ರಮಣಕ್ಕೆ ಕೂಸಿಗೆ ಕರಿ ಎರೆಯುವಾಗ ತೊಡಿಸುವ ಕುಸುರೆಳ್ಳಿನ ದಾಗೀನ. ಕೂಸು ಅದನ್ನು ಬಾಯಿಗೆ ಹಾಕಿಯೇ ಹಾಕುತ್ತದೆ. ಆದ್ದರಿಂದ ದಾರಕ್ಕೆ ಕಟ್ಟಿ, ಅಂಟಿಸಲೇಬೇಕಾದರೆ ಕುದಿಸಿದ ಮೈದಾ ಅಂಟು ಬಳಸಿ. ಬೇರೆ ಯಾವ ಅಂಟೂ ಬೇಡ, ಎಷ್ಟೇ ಚೆಂದ ಕಾಣಲಿ. ಸಣ್ಣ ಹರಳು, ಮಣಿ ಕೂಸಿನ ಕೈಗೆ ಸಿಗದಂತೆ ನೋಡಿಕೊಳ್ಳಿ.

ಬರೆದಿಟ್ಟುಕೊಳ್ಳಲು

ಕಾಗದ, ರಟ್ಟು, ಕಟ್ಟಿಗೆ, ದಾರ: ಬಿಳಿ ಅಂಟು.
ಹರಳು, ಕುಂದಣ, ಮಣಿ: ಬಳುಕುವ ಪಾರದರ್ಶಕ ಅಂಟು.
ಕಿವಿಯ ಕಡ್ಡಿ, ಲೋಹ, ಪಿಂಗಾಣಿ: ಎರಡು ಟ್ಯೂಬಿನ ಎಪಾಕ್ಸಿ.
ಚೂಪಾಗಿ ಒಡೆದ ಗೊಂಬೆ, ಗಟ್ಟಿ ಪ್ಲಾಸ್ಟಿಕ್: ಕ್ಷಣದ ಅಂಟು, ಒಂದೇ ಹನಿ.
ಹೂವಿನ ಅಲಂಕಾರ, ತೋರಣ: ಬಿಸಿ ಅಂಟು, ಬಿಸಿಲಿನಿಂದ ದೂರ.
ಚಪ್ಪಲಿ, ಚೀಲ: ರಬ್ಬರ್ ಅಂಟು, ಎರಡೂ ಕಡೆ.
ಬಂಗಾರ, ಬೆಳ್ಳಿ, ಹಿರಿಯರ ದಾಗೀನ: ಪತ್ತಾರರ ಕೈ.

ಟ್ಯೂಬು ತೆರೆದ ದಿನವೇ ಅದರ ಮೈಮೇಲೆ ತಾರೀಖು ಬರೆದಿಡಿ. ದಪ್ಪಗಾಗಿ ಎಳೆ ಎಳೆಯಾಗಿ ಬರುತ್ತಿದ್ದರೆ ಅದರ ಕಾಲ ಮುಗಿದಂತೆ, ಉಳಿಸಲು ಹೋಗಬೇಡಿ. ಮಾರಾಟಕ್ಕೆ ಏನಾದರೂ ಮಾಡುವ ತಂಗಿಯರಿಗೆ ಇನ್ನೊಂದು ಮಾತು. ಮೊದಲು ಮಾಡಿದ ಒಂದನ್ನು ಮಾರಬೇಡಿ, ನೀವೇ ತೊಟ್ಟುಕೊಳ್ಳಿ. ಎಂಟು ದಿನ ಅದರಲ್ಲೇ ರೊಟ್ಟಿ ಬಡಿಯಿರಿ, ಬಾಂಡೆ ತಿಕ್ಕಿರಿ, ಅರಿವಿ ಒಗೆಯಿರಿ. ನಿಮ್ಮ ಕೈಯಲ್ಲಿ ನಿಂತದ್ದು ಯಾರ ಕೈಯಲ್ಲಿಯೂ ನಿಲ್ಲುತ್ತದೆ.